ಹಸಿರು ಕೋಟು ಹೊಲಿದದ್ದು ಯಾರು

ಕಾಜಾ ಅಕ್ಕನಿಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಏನು ಲಾಭ, ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸು. ಗುಂಡಿ ತೂರಿಸುವ ಸೀಳಿನ ಸುತ್ತ ಒತ್ತಾಗಿ ದಾರ ಹೊಲಿಯುವುದಕ್ಕೆ ಕಾಜಾ ಅನ್ನುತ್ತಾರಲ್ಲ, ಆ ಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಕಡೆ ಯಾರೂ ಇರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ, ಎಡಭುಜದ ಮೇಲಿಂದ ಬೆಳಕು ಬೀಳುವ ಹಾಗೆ ಕಿಟಕಿ ಪಕ್ಕ ಕೂತು, ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ತಂಗಿಗೆ ನಾಲ್ಕು ಬೀದಿ ಆಚೆ ಗಾಜಿನ ಬಾಗಿಲಿನ ಅಂಗಡಿ. ಇಬ್ಬರೂ ಕಲಿತದ್ದು ಒಬ್ಬಳೇ ಅಮ್ಮನ ಹತ್ತಿರ, ಒಂದೇ ಮೆಷಿನ್ನಿನ ಮೇಲೆ. ಒಬ್ಬಳು ಮೇಡಂ ಆದಳು, ಇನ್ನೊಬ್ಬಳು ಕಾಜಾ ಆದಳು.

ಎಲ್ಲಕ್ಕೂ ಮೂಲ ಒಂದು ಹಸಿರು ಕೋಟು. ಹುಡುಗಿಯರಾಗಿದ್ದಾಗ ಹೊಲಿಗೆ ಸ್ಪರ್ಧೆಗೆ ತಂಗಿ ಹೆಸರು ಕೊಟ್ಟಿದ್ದಳು. ಬಟ್ಟೆ ಕತ್ತರಿಸಿದ ದಿನವೇ ಜ್ವರ ಬಂದು ಮಲಗಿದಳು. ಕಾಲರಿನಿಂದ ಕಾಜಾವರೆಗೆ ಮೂರು ದಿನ ಕೂತು ಹೊಲಿದವಳು ಅಕ್ಕ. ಜ್ವರ ಬಿಟ್ಟ ತಂಗಿ ಅದನ್ನು ಹಾಕಿಕೊಂಡು ವೇದಿಕೆ ಹತ್ತಿ ಮೊದಲ ಬಹುಮಾನ ತಂದಳು. "ಇರ್ಲಿ ಬಿಡೇ, ಚಿಕ್ಕೋಳು. ಹೊರಗೆ ಬಾಯಿ ಬಿಡಬೇಡ," ಅಂದಳು ಅಮ್ಮ. ಅಕ್ಕ ಬಾಯಿ ಬಿಡಲಿಲ್ಲ. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ಆ ಮಾತು ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು.

ಈಗ ನೋಡಿದರೆ ಅದೇ ಹಸಿರು ಕೋಟಿನ ಫೋಟೊ ತಂಗಿಯ ಅಂಗಡಿಯ ಆನ್‌ಲೈನ್ ಪೇಜಿನ ನೆತ್ತಿ ಮೇಲೆ. ಕೆಳಗೆ 'ನನ್ನ ಮೊದಲ ಕೋಟು' ಅಂತ ಬೇರೆ. ಸಾವಿರಾರು ಜನ ದಿನಾ ನೋಡುವ ಪೇಜು ಅದು. ಆರ್ಡರೆಲ್ಲ ಬರುವುದು ಅಲ್ಲಿಂದಲೇ. ನಿಜ ಹೇಳುವಂತಿಲ್ಲ, ಸುಮ್ಮನಿರಲೂ ಆಗದು. ಹಾಗಾಗಿ ತಂಗಿ ಹಾಕುವ ಒಂದೊಂದು ಫೋಟೊದ ಕೆಳಗೂ ಅಕ್ಕ ತಪ್ಪದೆ ಬರೆಯುತ್ತಿದ್ದಳು: 'ಇದರ ಕಾಜಾ ನನ್ನದು. ನಿನ್ನ ಅಕ್ಕ.' ಗುಂಡಿಯೇ ಇಲ್ಲದ ಗೌನಿನ ಕೆಳಗೂ ಒಮ್ಮೆ ಹಾಗೇ ಬರೆದು, ಆಮೇಲೆ ಗೊತ್ತಾಗಿ ಅಳಿಸಿದ್ದಳು. ಅಷ್ಟು ಸಾಲದು ಅಂತ, ಅಂಗಡಿಯ ಬೋರ್ಡಿನ ಮೂಲೆಯಲ್ಲಿ 'ಕಾಜಾ ಕೆಲಸಕ್ಕೆ' ಎಂದು ತನ್ನ ಫೋನ್ ನಂಬರನ್ನೂ ಹಟ ಹಿಡಿದು ಬರೆಸಿದ್ದಳು. ಆ ಬೋರ್ಡಿನ ಫೋಟೊ ಕೂಡ ಪೇಜಿನಲ್ಲಿತ್ತು.

ಇನ್ನೊಂದು ವಿಷಯ. ಹನ್ನೊಂದು ವರ್ಷದ ಹಿಂದೆ ಪೇಜು ತೆರೆದಾಗ ಇಬ್ಬರ ಮಧ್ಯೆ ಇದ್ದದ್ದು ಒಂದೇ ಫೋನು, ಅಕ್ಕನದು. ಪೇಜಿಗೆ ಕೊಟ್ಟ ನಂಬರು ಅದೇ. ಇವತ್ತಿಗೂ ಯಾರಾದರೂ ಪಾಸ್‌ವರ್ಡ್ ಮರೆತೆ ಅಂತ ಒತ್ತಿದರೆ ಓಟಿಪಿ ಬರುವುದು ಅಕ್ಕನಿಗೆ. ತಂಗಿ ಅದನ್ನು ಬದಲಾಯಿಸಲು ಮರೆತಿದ್ದಾಳೆ, ನನ್ನನ್ನು ಮರೆತ ಹಾಗೇ, ಅಂತ ಅಕ್ಕನ ಲೆಕ್ಕ.

ಮಂಗಳವಾರ ಮಧ್ಯಾಹ್ನ ಹೊಸ ನಂಬರಿನಿಂದ ಮೆಸೇಜ್ ಬಂತು. 'ಪ್ರೀತಿಯ ಅಕ್ಕ, ನಾನು ನಿನ್ನ ತಂಗಿ. ಫೋನ್ ನೀರಿಗೆ ಬಿತ್ತು, ಇದು ಬೇರೆ ನಂಬರ್. ಪೇಜು ತೆರೀತಿಲ್ಲ. ನಿನಗೊಂದು ಓಟಿಪಿ ಬರುತ್ತೆ, ಕಳಿಸು. ನಿನ್ನ ಕಾಜಾ ಇಲ್ಲದೆ ನನ್ನ ಕೋಟು ಕೋಟೇ ಅಲ್ಲ, ನೀನಿಲ್ಲದೆ ನನ್ನ ಅಂಗಡಿ ಅಂಗಡಿಯೇ ಅಲ್ಲ.'

ಅಕ್ಕ ಸೂಜಿ ಕೆಳಗಿಟ್ಟಳು. ಮೂರು ಸಲ ಓದಿದಳು. ಇಷ್ಟು ವರ್ಷ ಕಾದದ್ದು ಇದಕ್ಕೇ. ಓಟಿಪಿ ಬಂತು, ಅದರ ಪಕ್ಕದಲ್ಲೇ 'ಯಾರಿಗೂ ಹೇಳಬೇಡಿ' ಅಂತಲೂ ಇತ್ತು. ಹಿಂದಿನ ವಾರವಷ್ಟೇ ಪಕ್ಕದ ಮನೆಯಾಕೆಗೆ ಇದೇ ಬುದ್ಧಿ ಹೇಳಿ ಬಂದವಳು ಇವಳು. ತಂಗಿಯ ಹಳೇ ನಂಬರಿಗೆ ಒಂದು ಫೋನ್ ಮಾಡಬಹುದಿತ್ತು. ಬೇಡ, ನಾಲ್ಕು ಬೀದಿ ನಡೆಯಬಹುದಿತ್ತು. ಆದರೆ ಫೋನ್ ಮಾಡಿದರೆ ಆ ಕಡೆಯಿಂದ ಬರುವುದು ಏನೆಂದು ಅವಳಿಗೆ ಗೊತ್ತು: "ಏನೇ ಅಕ್ಕ, ಬೇಗ ಹೇಳು, ಗಿರಾಕಿ ಇದ್ದಾರೆ." ಈ ಬೆಲ್ಲದಂಥ ಮಾತಿನ ಮೇಲೆ ಆ ದನಿ ಕೇಳುವುದು ಅವಳಿಗೆ ಬೇಡವಾಗಿತ್ತು.

ಸುಮ್ಮನೆ ಕೊಟ್ಟಳೇ? ಅದೂ ಇಲ್ಲ. ಹತ್ತು ನಿಮಿಷ ಕಾಯಿಸಿದಳು. 'ಈಗ ಬೇಕಾದ್ನಾ ನಾನು?' ಅಂತ ಕೇಳಿದಳು. 'ಯಾವಾಗಲೂ ನೀನೇ ಅಕ್ಕ, ನಾನು ಹೇಳಿಕೊಳ್ಳಲಿಲ್ಲ ಅಷ್ಟೇ,' ಅಂತ ಉತ್ತರ ಬಂತು. ಅಕ್ಕ ಕಣ್ಣೊರೆಸಿಕೊಂಡು ಆರು ಅಂಕಿ ಕಳಿಸಿದಳು.

ಒಂದು ಗಂಟೆಯಲ್ಲಿ ತಂಗಿ ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇಟ್ಟುಕೊಂಡು ಓಡಿ ಬಂದಳು. ಪೇಜು ಅವಳ ಕೈ ತಪ್ಪಿತ್ತು. ಅವಳ ಹೆಸರು, ಅವಳ ಮುಖ ಇಟ್ಟುಕೊಂಡು ಯಾರೋ ಗಿರಾಕಿಗಳಿಗೆಲ್ಲ 'ಇವತ್ತೇ ಅಡ್ವಾನ್ಸ್ ಕಳಿಸಿ, ಅರ್ಧ ಬೆಲೆ' ಅಂತ ಬರೆಯುತ್ತಿದ್ದರು. ಹನ್ನೊಂದು ವರ್ಷ ಗಳಿಸಿದ ಹೆಸರು ಸಂಜೆಯೊಳಗೆ ಕಳ್ಳಿಯ ಹೆಸರಾಗುತ್ತಿತ್ತು.

"ಅಕ್ಕ, ನಿನಗೇನಾದ್ರೂ ಓಟಿಪಿ ಬಂತಾ?"

ಗಾಜಿನ ಬಾಗಿಲಿನ ಮೇಡಂ ತನ್ನ ಹೊಸ್ತಿಲಲ್ಲಿ ಅಳುತ್ತಾ ನಿಂತದ್ದು ನೋಡಿ ಅಕ್ಕನಿಗೆ ಮೊದಲು ಆದದ್ದು ಖುಷಿ. ಥೂ ಅನ್ನಿಸುವಂಥದ್ದೇ, ಆದರೂ ಆದದ್ದು ಅದೇ. ಆಮೇಲೆ ವಿಷಯ ತಲೆಗೆ ಹೋಯಿತು. "ಇಲ್ವಲ್ಲ," ಅಂದಳು. ಅಂದವಳೇ ಫೋನನ್ನು ಮಗುಚಿಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ತಂಗಿ ಫೋನ್ ಎತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು.

"ನಾನು ಯಾವತ್ತಾದ್ರೂ ನಿನ್ನ ಹತ್ರ ಹಿಂಗೆ ಮಾತಾಡಿದ್ದೀನಾ?"

"ಇಲ್ಲ," ಅಂದಳು ಅಕ್ಕ. "ಅದಕ್ಕೇ ಕೊಟ್ಟೆ."

ತಂಗಿ ಕುರ್ಚಿಯಲ್ಲಿದ್ದ ಬಟ್ಟೆ ರಾಶಿ ಸರಿಸಿ ಕೂತಳು. ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಎಷ್ಟೋ ಸಲೀಸಾಗುತ್ತಿತ್ತು. ಬೈಯದಿದ್ದಾಗ ತಾನೇ ಮೈಮೇಲೆ ಬಿದ್ದಳು: "ಹನ್ನೊಂದು ವರ್ಷ ನನ್ನ ನಂಬರ್ ಯಾಕೆ ಬಿಟ್ಟಿದ್ದೆ ಮತ್ತೆ? ನಾನೊಬ್ಬಳು ಇದ್ದೀನಿ ಅನ್ನೋದೇ ಮರೆತುಹೋಗಿತ್ತಲ್ಲ?"

"ಮರೆತಿರಲಿಲ್ಲ. ನಮ್ಮನೆಯವರು ಬದಲಾಯಿಸು ಅಂತ ಹತ್ತು ಸಲ ಹೇಳಿದ್ರು. ಬೀಗದ ಕೈ ಅಕ್ಕನ ಹತ್ರ ಇದ್ರೆ ಇರ್ಲಿ, ಅಮ್ಮನ ಮನೇಲಿ ಇದ್ದ ಹಾಗೆ ಅಂದಿದ್ದೆ."

ಅಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಆಮೇಲೆ ನಡೆದದ್ದು ಬರೀ ಕೆಲಸ. ಪೊಲೀಸ್ ಠಾಣೆಗೆ ದೂರು, ಪೇಜಿನ ಕಂಪನಿಗೆ ಅರ್ಜಿ, ಗುರುತಿನ ಚೀಟಿಯ ಪ್ರತಿ. ಅಂಗಡಿಯ ಅಳತೆ ಪುಸ್ತಕ ಮುಂದಿಟ್ಟುಕೊಂಡು ಅಕ್ಕ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. "ಆ ಪೇಜಲ್ಲಿ ಇರೋದು ನನ್ನ ತಂಗಿ ಅಲ್ಲ, ಏನೂ ಕಳಿಸಬೇಡಿ. ತಪ್ಪು ನನ್ನದು." ಆ ಕೊನೆಯ ಮಾತನ್ನು ನೂರಕ್ಕೂ ಹೆಚ್ಚು ಸಲ ಹೇಳಿದಳು, ಒಂದು ಸಲವೂ ನುಂಗಲಿಲ್ಲ. ಅಷ್ಟರಲ್ಲೇ ಇಬ್ಬರು ಮೋಸ ಹೋಗಿದ್ದರು. ಅವರ ಕೋಟುಗಳನ್ನು ಅಕ್ಕತಂಗಿ ಸೇರಿ ಬಿಟ್ಟಿಯಾಗಿ ಹೊಲಿದು ಕೊಟ್ಟರು.

ಠಾಣೆಯಲ್ಲಿ ದೂರು ಬರೆದುಕೊಂಡ ಪೊಲೀಸಮ್ಮ ಬುದ್ಧಿ ಹೇಳಿದ್ದಳು. "ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕೋದು ಎಲ್ಲರೂ ಮಾಡ್ತಾರೆ. ಪರವಾಗಿಲ್ಲ, ಈಗಲಾದ್ರೂ ಹಾಕಿ. ಮೊದಲು ಪೇಜಿಗೆ ನಿಮ್ಮ ಅಕ್ಕನ ನಂಬರ್ ಒಂದೇ ಸಾಲದು, ನಿಮ್ಮದೂ ಸೇರಿಸಿ ಎರಡು ಬೀಗ ಇರ್ಲಿ. ಈಗ ಕಳ್ಳರು ದನೀನೂ ಕದೀತಾರೆ. ಅದಕ್ಕೆ ನಿಮ್ಮಿಬ್ಬರಿಗೆ ಮಾತ್ರ ಉತ್ತರ ಗೊತ್ತಿರೋ ಒಂದು ಪ್ರಶ್ನೆ ಇಟ್ಕೊಳ್ಳಿ. ಫೋನ್ ಬಂದ್ರೆ ಅದನ್ನ ಕೇಳಿ, ಆಮೇಲೆ ಮಾತು."

"ಅಮ್ಮನ ಹೆಸರು?" ಅಂದಳು ತಂಗಿ.

"ಪೇಜಲ್ಲಿ ಹಾಕಿದ್ದೀಯ."

"ನಾವು ಓದಿದ ಶಾಲೆ?"

"ಅದೂ ಹಾಕಿದ್ದೀಯ. ಹುಟ್ಟಿದ ದಿನ ಹಾಕಿದ್ದೀಯ, ಮದುವೆ ದಿನ ಹಾಕಿದ್ದೀಯ. ನಿನ್ನ ಹೊಟ್ಟೆಯೊಳಗಿರೋದು ಒಂದು ಬಿಟ್ಟು ಎಲ್ಲಾ ಹಾಕಿದ್ದೀಯ."

ತಂಗಿ ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ಹಸಿರು ಕೋಟು ಹೊಲಿದದ್ದು ಯಾರು?"

ಅಕ್ಕ ತಟ್ಟನೆ ತಂಗಿಯ ಕಡೆ ತಿರುಗಿದಳು. ಮರೆತಿದ್ದಾಳೆ ಅಂದುಕೊಂಡಿದ್ದವಳು ಮರೆತೇ ಇರಲಿಲ್ಲ. "ಉತ್ತರ ನನಗೆ ಹೇಳಬೇಡಿ," ಅಂದಳು ಪೊಲೀಸಮ್ಮ, ಪೆನ್ನು ಮುಚ್ಚುತ್ತಾ.

ಒಂಬತ್ತನೇ ದಿನ ಪೇಜು ವಾಪಸ್ ಬಂತು. ತಂಗಿ ಅಕ್ಕನ ಕೋಣೆಗೇ ಬಂದು ಪಕ್ಕದಲ್ಲಿ ಕೂತು, ಹಸಿರು ಕೋಟಿನ ಕೆಳಗಿದ್ದ ಸಾಲು ತೆಗೆದು ಹೊಸದಾಗಿ ಬರೆದಳು: 'ಇದನ್ನು ಹೊಲಿದವಳು ನನ್ನ ಅಕ್ಕ. ಬಹುಮಾನ ಅವಳದು.' ಪೋಸ್ಟ್ ಗುಂಡಿಯ ಮೇಲೆ ಬೆರಳಿಟ್ಟು ಕೇಳಿದಳು, "ಹಾಕ್ಲಾ? ಪ್ರಶ್ನೆ ಬೇರೆ ಹುಡುಕೋಣ."

ಅಕ್ಕ ಮೂರು ಸಲ ಓದಿದಳು. ಮೂವತ್ತು ವರ್ಷದ ಉರಿ ಅದು, ಒಂದು ಬೆರಳಿನಷ್ಟು ದೂರದಲ್ಲಿ ಆರಿಹೋಗುವುದಿತ್ತು. ಹಾಕಿದ್ದರೆ ಸಾವಿರಾರು ಜನ ನೋಡುತ್ತಿದ್ದರು. ಪಕ್ಕದ ಮನೆಯಾಕೆಯೂ ನೋಡುತ್ತಿದ್ದಳು.

"ಅಳಿಸು," ಅಂದಳು. "ಬೀಗದ ಕೈಯನ್ನ ಯಾರಾದ್ರೂ ಬಾಗಿಲಿಗೇ ನೇತು ಹಾಕ್ತಾರಾ?"

ಅಳಿಸಿದಳು. ಹಾಗಂತ ಅಕ್ಕನ ಹೊಟ್ಟೆ ತಣ್ಣಗಾಯಿತು ಅಂದುಕೊಳ್ಳಬೇಡಿ. ಮಾರನೆಯ ದಿನವೇ ಅಂಗಡಿಯಿಂದ ಫೋನ್ ಬಂತು. "ಏನೇ ಅಕ್ಕ, ಬೇಗ ಹೇಳು, ಆ ಕಪ್ಪು ಕೋಟಿನ ಕಾಜಾ ಆಯ್ತಾ?"

"ಹಸಿರು ಕೋಟು ಹೊಲಿದದ್ದು ಯಾರು?"

"ಅಯ್ಯೋ, ನನ್ನ ದನಿ ಗೊತ್ತಾಗಲ್ವಾ? ಗಿರಾಕಿ ಇದ್ದಾರೆ."

"ಈಗ ದನೀನೂ ಕದೀತಾರಂತೆ. ಪೊಲೀಸಮ್ಮ ಹೇಳಿಲ್ವಾ?"

ಆ ಕಡೆ ಗಾಜಿನ ಬಾಗಿಲು ತೆರೆದು ಮುಚ್ಚಿದ ಸದ್ದು. ತಂಗಿ ಬೀದಿಗೆ ಬಂದಿದ್ದಳು. "ನೀನು," ಅಂದಳು, ಪಿಸುದನಿಯಲ್ಲಿ.

"ಸರಿಯಾಗಿ ಕೇಳಿಸಲಿಲ್ಲ."

"ನೀನು ಕಣೇ. ನೀನೇ ಹೊಲಿದದ್ದು."

"ಹಾಂ," ಅಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತಾ. "ಈಗ ಹೇಳು, ಏನು ಬೇಕಿತ್ತು?"