ಬಗ್ಗದ ಕಾಲು

ಚಿದಾನಂದಪ್ಪ ಹೆಣದ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಮತ್ತೊಮ್ಮೆ ಒತ್ತಿದ. ಕಾಲು ಮಡಚಲಿಲ್ಲ. ಟವಲಿನಿಂದ ಬೆವರು ಒರೆಸಿಕೊಂಡು, ಬಾಗಿಲ ತುಂಬ ನಿಂತಿದ್ದ ಓಣಿಯವರ ಕಡೆ ತಿರುಗಿ, "ಬದುಕಿದ್ದಾಗ್ಲೂ ಬಗ್ಗಲಿಲ್ಲ, ಸತ್ತ ಮ್ಯಾಲೂ ಬಗ್ಗವಲ್ಲಳು ನಮ್ಮ ಅತ್ತಿಗಿ" ಎಂದ. ಹೆಂಗಸರಲ್ಲಿ ಯಾರೋ ಸೆರಗಿನೊಳಗೆ ನಕ್ಕರು.

ಆ ನಗು ಕಿವಿಗೆ ಬೀಳುವ ಹೊತ್ತಿಗೇ ಮಗಳು ನೀಲಾವತಿ ಹೊಸ್ತಿಲು ದಾಟಿದ್ದು. ಸುದ್ದಿ ಮುಟ್ಟಿದ್ದೇ ಗಂಡನ ಮನೆ ಕುರುಗೋಡಿನಿಂದ ಸಿರುಗುಪ್ಪಕ್ಕೆ ಬಸ್ಸು, ಅಲ್ಲಿಂದ ಹಚ್ಚೊಳ್ಳಿಗೆ ಯಾರದೋ ಟ್ರ್ಯಾಕ್ಟರು ಹಿಡಿದು ಬಂದಿದ್ದಳು. ದಾರಿಯುದ್ದಕ್ಕೂ ತಡೆದುಕೊಂಡಿದ್ದ ಅಳು, ಅವ್ವನ ಕಾಲು ಕಾಕನ ಕೈಯಲ್ಲಿರುವುದನ್ನು ಕಂಡು ಅಲ್ಲೇ ಇಂಗಿಹೋಯಿತು. ಮೈಯೆಲ್ಲ ಉರಿಯಿತು.

"ಬಿಡು ಕಾಕಾ! ಕಾಲು ಬಿಡು!"

"ಬಿಟ್ರ ಕುಂದ್ರಸೋದು ಹೆಂಗ? ನಮ್ಮಾಗ ಹೆಣ ಮಲಗಿಸಿ ಒಯ್ತಾರೇನು? ಪದ್ಮಾಸನ ಹಾಕಿಸಿ, ಕುಂದ್ರಿಸೇ ಮಣ್ಣು ಕೊಡೋದು."

"ಇಷ್ಟು ವರ್ಷದಾಗ ಅವ್ವ ನೆಲಕ್ಕ ಕುಂತಿದ್ದು ಒಂದಿನಾರ ನೋಡಿಯೇನು?"

ಮೂಲೆಯಲ್ಲಿದ್ದ ಅಜ್ಜಿ ವಿರೂಪಮ್ಮ ಮೂಗು ಮುರಿದಳು. "ನೆಲಕ್ಕ ಯಾಕ ಕುಂದರ್ತಾಳ? ಮಹಾರಾಣಿ! ಅತ್ತಿ ನೆಲದಾಗ, ಸೊಸಿ ಸ್ಟೂಲಿನ ಮ್ಯಾಲೆ."

ನೀಲಾವತಿ ಅಪ್ಪನ ಕಡೆ ತಿರುಗಿದಳು. ಗಾದಿಲಿಂಗಪ್ಪ ಕಂಬಕ್ಕೆ ಒರಗಿ ಕುಳಿತಿದ್ದ.

"ಏನಾಗಿತ್ತಪ್ಪ?"

"ರಾತ್ರಿ ಎದಿ ಹಿಡದೈತಿ ಅಂದ್ಳು. ಕಾಲು ಹಿಡೀತು, ಬೆನ್ನು ಹಿಡೀತು, ಆಕಿದು ದಿನಾ ಇದ್ದದ್ದ. ಮಕ್ಕೊ ಅಂದೆ. ಮುಂಜಾನಿ ಚಾ ಬರಲಿಲ್ಲ ನೋಡು, ಆಗ ಎದ್ದು ನೋಡಿದ್ವಿ."

ಚಹಾ ಬಾರದಿದ್ದಕ್ಕೆ ಗೊತ್ತಾದ ಸಾವು! ನೀಲಾವತಿಗೆ ಆ ಕಂಬವನ್ನೇ ಕಿತ್ತು ಬೀಸಬೇಕೆನಿಸಿತು. ಅವ್ವ ಪಾರಮ್ಮ ಮಂಡಿಯ ಕೆಳಗೆ ಕೌದಿ ಮಡಚಿಟ್ಟುಕೊಂಡೇ ಮಲಗುವವಳು. ಹಾಗೆ ಅರ್ಧ ಬಗ್ಗಿದ ಕಾಲು ಹಾಗೇ ಮರಗಟ್ಟಿತ್ತು. ಚಾಚಲೂ ಒಲ್ಲದು, ಮಡಚಲೂ ಒಲ್ಲದು.

*

ನೀಲಾವತಿ ಆಗಿನ್ನೂ ಸಾಲಿಗೆ ಹೋಗುತ್ತಿದ್ದಳು. ಒಲೆಯ ಮುಂದೆ ನೆಲಕ್ಕೆ ಕುಳಿತು ರೊಟ್ಟಿ ಬಡಿಯುತ್ತಿದ್ದ ಅವ್ವ ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ಉರುಳಿದಳು. ಎಡಗಾಲಿನ ಮೀನಖಂಡ ಕಲ್ಲಿನಂತೆ ಗಂಟು ಕಟ್ಟಿತ್ತು. ಕೂಗು ಹೊರಗೆ ಹೋಗಬಾರದೆಂದು ಸೆರಗು ಕಚ್ಚಿಕೊಂಡಿದ್ದಳು. ಹುಡುಗಿ ಹೆದರಿಕೊಂಡೇ ಕಾಲ್ಬೆರಳನ್ನು ಮೇಲಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತಿಕ್ಕಿದಳು. ಗಂಟು ಸಡಿಲಾಗುವಷ್ಟರಲ್ಲಿ ಅಜ್ಜಿ ಬಂದಳು. ಅವಳಿಗೆ ಕಂಡದ್ದು ಹಂಚಿನ ಮೇಲೆ ಕರಕಾದ ರೊಟ್ಟಿ.

"ದಿನಾ ಸಾಯೋರಿಗೆ ಅಳೋರು ಯಾರು?" ಎಂದು ರೊಟ್ಟಿಯನ್ನು ಎಮ್ಮೆಗೆ ಎಸೆದಳು.

ಬಳ್ಳಾರಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದ್ದೂ ಆಯಿತು. ಮೂಳೆ ಚೆನ್ನಾಗಿದೆ, ತೊಂದರೆ ನರದ್ದು, ಇದು ಹೋಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದರು. ಮನೆಯವರ ಕಿವಿಗೆ ಬಿದ್ದದ್ದು ಚೆನ್ನಾಗಿದೆ ಎಂಬ ಮಾತೊಂದೇ. ಅಂದಿನಿಂದ ಪಾರಮ್ಮನ ನೋವಿಗೆ ನಾಟಕವೆಂದು ಹೆಸರಾಯಿತು.

ಅವಳೂ ಬಾಯಿ ಮುಚ್ಚಿಕೊಂಡು ತನ್ನ ದಾರಿ ಹುಡುಕಿಕೊಂಡಳು. ಸಿರುಗುಪ್ಪದ ಸಂತೆಯಿಂದ ಸ್ಟೂಲು ತಂದಳು. ಒಲೆಯನ್ನು ಬಂಡೆಯ ಮೇಲೇರಿಸಿದಳು. ತುಂಬಿದ ಕೊಡ ಎತ್ತಲಾರದೆ ಅರ್ಧರ್ಧ ಕೊಡ ಹೊತ್ತು ಮನೆಗೆಲ್ಲ ನೀರು ತುಂಬಿದಳು. ಓಣಿ ಅವಳನ್ನು ಅರ್ಧಕೊಡದ ಪಾರಮ್ಮ ಎಂದು ಕರೆಯಿತು. ಆ ಅರ್ಧ ಕೊಡದ ನೀರಲ್ಲೇ ಎಲ್ಲರೂ ಮಿಂದರು, ಉಂಡರು, ಕೈ ತೊಳೆದರು. ಅಜ್ಜಿ ಸ್ಟೂಲನ್ನು ಎಷ್ಟೋ ಸಲ ಹಿತ್ತಲಿಗೆ ಎಸೆದಳು. ಪಾರಮ್ಮ ಕುಂಟುತ್ತ ಹೋಗಿ ತಂದು, ಮತ್ತೆ ಅದೇ ಜಾಗದಲ್ಲಿ ಇಟ್ಟಳು.

*

"ಲಗೂನ ಮಾಡ್ರಿ. ನನಗ ಕೆಂಚನಗುಡ್ಡದಾಗ ಇನ್ನೊಂದು ಮನಿ ಐತಿ" ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು.

"ಇನ್ನಿಬ್ರು ಬರ್ರೋ" ಎಂದು ಚಿದಾನಂದಪ್ಪ ತೋಳೇರಿಸಿದ. "ಮುರದ್ರೂ ಚಿಂತಿಲ್ಲ. ಸತ್ತಾಕಿಗೆ ಎಲ್ಲೀ ನೋವು?"

ನೀಲಾವತಿ ದಡಕ್ಕನೆ ಕುಳಿತು ಅವ್ವನ ಎರಡೂ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು.

"ಬದುಕಿದ್ದಾಗ್ಲೂ ನೋವಿಲ್ಲ ಅಂದ್ರಿ, ಈಗೂ ಇಲ್ಲ ಅಂತೀರಿ. ಮುಟ್ರಿ ನೋಡೋಣ! ಮೊದಲು ನನ್ನ ಕಾಲು ಮುರೀರಿ."

"ಕೊಟ್ಟ ಹೆಣ್ಣು ಕುಲಕ್ಕ ಹೊರಗ. ನಿನಗ್ಯಾಕ ಇಲ್ಲಿ ಉಸಾಬರಿ?" ಅಜ್ಜಿ ಕೂಗಿದಳು.

ನೀಲಾವತಿ ಅವಳತ್ತ ನೋಡಲೂ ಇಲ್ಲ. "ಅಯ್ಯನೋರ, ಕುಂದ್ರಿಸಿ ಒಯ್ಯಬೇಕು, ಹೌದಲ್ರಿ? ಸ್ಟೂಲಿನ ಮ್ಯಾಲ ಕುಂತ್ರ ಅದು ಕುಂತಂಗ ಅಲ್ಲೇನ್ರಿ?"

ಅಯ್ಯನವರು ಅಂಗಳದ ಬಿಸಿಲು ನೋಡಿದರು. "ಎದರ ಮ್ಯಾಲರ ಕುಂದ್ರಸ್ರಿ ಮಾರಾಯಾ, ಹೊತ್ತಾತು."

ತಾನು ಎದ್ದರೆ ಕಾಕ ಕಾಲಿಗೆ ಕೈ ಹಾಕುತ್ತಾನೆಂದು ನೀಲಾವತಿಗೆ ಗೊತ್ತಿತ್ತು. "ಅಪ್ಪಾ, ಸ್ಟೂಲು ತಾ" ಎಂದಳು. ಗಾದಿಲಿಂಗಪ್ಪ ತಾಯಿಯ ಮುಖ ನೋಡಿದ. ಆಮೇಲೆ ಎದ್ದು ಅಡುಗೆಮನೆಗೆ ಹೋದ. ಸ್ಟೂಲನ್ನು ತಂದಿಡುವಾಗ ಮಗಳ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಹೆಣವನ್ನು ಎತ್ತಿ ಕೂರಿಸಿ ಗೋಡೆಗೆ ಒರಗಿಸಿದರು. ಅರ್ಧ ಬಗ್ಗಿದ ಕಾಲುಗಳು ಸ್ಟೂಲಿಗೆ ಸರಿಯಾಗಿ ಹೊಂದಿಕೊಂಡವು. ಪಾದಗಳೆರಡೂ ನೆಲ ಮುಟ್ಟಿದವು. ಈಗ ರೊಟ್ಟಿ ಬಡಿಯಲು ಹಿಟ್ಟು ಕೊಡಿ ಎನ್ನುವಂತೆ ಪಾರಮ್ಮ ಕುಳಿತಿದ್ದಳು. ಬಾಗಿಲಲ್ಲಿ ಯಾರೂ ನಗಲಿಲ್ಲ.

ಮಣ್ಣು ಕೊಡುವ ಜಾಗದಲ್ಲಿ, ಗುಂಡಿ ತೋಡಿದ್ದ ಹುಲುಗೇಶ ತಲೆ ಕೆರೆದುಕೊಂಡ. "ಸ್ಟೂಲ್ ಸಮೇತ ಅಂದ್ರ ಇನ್ನೊಂದು ಮೊಳ ಇಳೀಬೇಕಲ್ಲವ್ವ."

"ಗಟ್ಟಿ ಕಟ್ಟಿಗಿದು, ಮಣ್ಣುಪಾಲು ಮಾಡ್ತೀರೇನು?" ಇಷ್ಟು ವರ್ಷ ಎಸೆಯುತ್ತ ಬಂದಿದ್ದ ಅಜ್ಜಿಗೆ ಈಗ ಅದರ ಮೇಲೆ ಮಮತೆ ಉಕ್ಕಿತು.

"ಅಗಿ ಹುಲುಗೇಶಣ್ಣ" ಎಂದಳು ನೀಲಾವತಿ.

ಮಣ್ಣು ಕೊಟ್ಟು ಬಂದ ಮೇಲೆ ಮನೆ ತೊಳೆಯಬೇಕು. ನೀಲಾವತಿ ಸಿಟ್ಟಿನಲ್ಲೇ ಅಡುಗೆಮನೆಗೆ ನೀರು ಸುರಿದು, ಪೊರಕೆಯಿಂದ ಬಚ್ಚಲಿನ ಕಡೆ ತಳ್ಳಿದಳು. ನೀರೆಲ್ಲ ಹರಿದುಹೋಯಿತು. ಒಲೆಯ ಮುಂದೆ, ಹಳೇ ಗಚ್ಚಿನ ನೆಲದಲ್ಲಿ, ಸ್ಟೂಲಿನ ಕಾಲುಗಳು ಒತ್ತಿ ಒತ್ತಿ ಬಿದ್ದ ನಾಲ್ಕು ಗುಳಿಗಳಲ್ಲಿ ಮಾತ್ರ ನಿಂತಿತು. ಎಡಗಡೆಯವು ಬರೀ ಗುರುತು. ಬಲಗಡೆಯವೆರಡೂ ಬೆರಳು ಇಳಿಯುವಷ್ಟು ಆಳ.

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ವಿರೂಪಮ್ಮ ಬಗ್ಗಿ ನೋಡಿದಳು. "ಯಾಕ ಬಲಕ್ಕ ಅಷ್ಟು ತೆಗ್ಗು ಬಿದ್ದೈತಿ?"

"ಎಡಗಾಲು ಊರಾಕ ಬರ್ತಿದ್ದಿಲ್ಲ ಆಕಿಗೆ. ಭಾರ ಎಲ್ಲಾ ಬಲಕ್ಕ ಹಾಕಿ ಕುಂತಾಳ, ಇಷ್ಟು ವರ್ಷ. ನೋಡು, ಚಂದಗೆ ನೋಡು ನಾಟಕಾನ."

"ಒರಸು ಅದನ್ನ" ಎಂದಳು ಅಜ್ಜಿ.

ನೀಲಾವತಿ ಅರಿವೆಯನ್ನು ಅವಳ ಕೈಗೆ ತುರುಕಿದಳು. "ನೀನ ಒರಸು. ನೆಲಕ್ಕ ಕುಂತು."

ಮುದುಕಿ ಅರಿವೆ ಹಿಡಿದು ನಿಂತೇ ಇದ್ದಳು. ಹೊರಗೆ ಮಣ್ಣಿಗೆ ಬಂದವರ ಟ್ರ್ಯಾಕ್ಟರು ಹೊರಟುಹೋಯಿತು. ಸ್ವಲ್ಪ ಹೊತ್ತಿಗೆ ಎಡಗಡೆಯ ಗುಳಿಗಳು ಆರಿದವು. ಬಲಗಡೆಯ ಎರಡರಲ್ಲಿ ನೀರು ಇನ್ನೂ ನಿಂತಿತ್ತು.