ಎತ್ತುಗಳ ಸಾಕ್ಷಿ

ಮಧ್ಯಾಹ್ನ ಉಂಡ ಹೊತ್ತಿನಲ್ಲಿ, ನೊಣವಿನಕೆರೆ ರಸ್ತೆಯಲ್ಲಿ, ಕೊಬ್ಬರಿ ವ್ಯಾಪಾರದ ಬಸವರಾಜಪ್ಪನವರ ಅಂಬಾಸಿಡರ್ ಕಾರು ಹಿಂದಿನಿಂದ ಬಂದು ಈರಣ್ಣನ ಎತ್ತಿನ ಗಾಡಿಗೆ ಗುದ್ದಿತು. ಗುದ್ದಿದ್ದಾದರೂ ಎಲ್ಲಿ? ಬಸವರಾಜಪ್ಪನವರ ತೋಟದ ಮನೆಯ ಎದುರಿಗೇ! ಪುಣ್ಯಕ್ಕೆ ಎತ್ತುಗಳಿಗೂ ಮನುಷ್ಯರಿಗೂ ಏನೂ ಆಗಲಿಲ್ಲ. ಕಾರಿನ ಒಂದು ದೀಪ ಒಡೆಯಿತು, ಗಾಡಿಯ ಬಲಗಾಲಿ ಮುರಿಯಿತು. ಊರವರ ತೆಂಗಿನಕಾಯಿ ಹೇರಿ ಹೊಟ್ಟೆ ಹೊರೆಯುತ್ತಿದ್ದ ಈರಣ್ಣನಿಗೆ ಗಾಲಿ ಹೋದರೆ ಅನ್ನವೇ ಹೋದಂತೆ. ಅದೂ ಕಾಯಿ ಕೀಳುವ ಕಾಲ.

"ಗಾಡಿ ಅಡ್ಡ ಬಂತು. ಇವನು ಮಲಗಿದ್ದ. ನನ್ನ ದೀಪದ ದುಡ್ಡು ಇವನೇ ಕೊಡ್ಬೇಕು" ಎಂದರು ಬಸವರಾಜಪ್ಪ.

"ಇಲ್ಲ ಸಾವ್ಕಾರ್ರೇ, ಎಡಗಡೇಲೇ ಹೋಯ್ತಿದ್ದೆ. ನನ್ ಗಾಲಿ ನೀವು ಕಟ್ಕೊಡಿ" ಎಂದ ಈರಣ್ಣ.

ನ್ಯಾಯ ಊರ ಹಿರಿಯ ದೊಡ್ಡಣ್ಣನ ಜಗಲಿಗೆ ಬಂತು. "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ. ಅಲ್ಲಿಗೆ ಹೋಗ್ಬೇಡಿ" ಎಂದ ದೊಡ್ಡಣ್ಣ. "ನಾಳೆ ಅದೇ ಹೊತ್ಗೆ ಬೇರೆ ಗಾಡಿಗೆ ಅವೇ ಎತ್ತು ಕಟ್ಟಿ, ಹಗ್ಗ ಬುಟ್ಟು ನೋಡಾನ. ನೆಟ್ಟಗೆ ಹೋದ್ರೆ ತಪ್ಪು ಕಾರಿಂದು, ಅಡ್ಡ ತಿರುಗಿದ್ರೆ ಗಾಡೀದು."

ಈರಣ್ಣ ಕುಣಿಯುತ್ತಲೇ ಒಪ್ಪಿದ. ನಿಜ ಹೇಳಬೇಕೆಂದರೆ ಅಂದು ಅವನು ಗೊರಕೆ ಹೊಡೆಯುತ್ತಿದ್ದ. ಆದರೆ ಹತ್ತು ವರ್ಷದಿಂದ ಹಾಗೆಯೇ ಮಲಗಿ ಹೋಗುತ್ತಿದ್ದಾನೆ, ಒಂದು ದಿನವೂ ಎತ್ತುಗಳು ಮನೆ ತಪ್ಪಿದ್ದಿಲ್ಲ.

ಮರುದಿನ ಅರ್ಧ ಊರೇ ಗಾಡಿಯ ಹಿಂದೆ ನಡೆಯಿತು. ಎತ್ತುಗಳು ಮದುವಣಿಗರ ಹಾಗೆ ಗಂಭೀರವಾಗಿ ಎಡಬದಿಯಲ್ಲೇ ಸಾಗಿದವು. ಈರಣ್ಣ ಮೀಸೆ ತಿರುವಿದ. ತೋಟದ ಮನೆ ಬಂತು ನೋಡಿ, ಎರಡೂ ಒಟ್ಟಿಗೆ ಬಲಕ್ಕೆ ಹೊರಳಿ, ರಸ್ತೆ ದಾಟಿ, ಗೇಟಿಗೆ ಮೂತಿ ಇಟ್ಟು ನಿಂತವು.

ಈರಣ್ಣನ ಕೈ ಮೀಸೆಯಿಂದ ಕೆಳಗಿಳಿಯಿತು. ಗಾಲಿಯೂ ಹೋಯಿತು, ಮೇಲೆ ದೀಪದ ದಂಡ!

"ನೋಡಿದ್ರಾ?" ಎಂದು ಬಸವರಾಜಪ್ಪ ನಗುವಷ್ಟರಲ್ಲಿ ಗೇಟು ತೆರೆಯಿತು. ಅವರ ಹೆಂಡತಿ ಗುರುಸಿದ್ದಮ್ಮ ಹಿಂಡಿಯ ಮಂಕರಿ ಹಿಡಿದು ಬಂದರು. "ಬಂದ್ರೇನ್ರಪ್ಪಾ, ತಿನ್ನಿ" ಎಂದವರು ಜನರನ್ನು ಕಂಡು ಬೆಚ್ಚಿ ಸೆರಗು ಎಳೆದುಕೊಂಡರು.

"ಇದೇನೇ ಇದು?" ಎಂದರು ಗಂಡ.

"ವರ್ಷವೆಲ್ಲಾ ನಮ್ ಕಾಯಿ ಹೊತ್ತಾಕ್ತವೆ, ದಿನಾ ಒಂದ್ ಹಿಡಿ ಹಿಂಡಿ ಹಾಕಿದ್ರೆ ಏನ್ರೀ? ಪಾಪ, ಈರಣ್ಣ ಒಳ್ಳೆ ನಿದ್ದೇಲಿರ್ತಾನೆ ಅಂತ ಎಬ್ಬಿಸ್ತಿರ್ಲಿಲ್ಲ."

ಒಂದೇ ಮಾತಿಗೆ ಸಾವ್ಕಾರರೂ ಈರಣ್ಣನೂ ಸಿಕ್ಕಿಬಿದ್ದರು. ಜನ ಹೊಟ್ಟೆ ಹಿಡಿದು ನಕ್ಕರು. ದೊಡ್ಡಣ್ಣ ಕಣ್ಣೊರೆಸಿಕೊಂಡು, "ತಿರುಗಿಸಿದ್ದು ನಿಮ್ಮನೆ ಹಿಂಡಿ, ತಡೀದೇ ಇದ್ದದ್ದು ಇವನ ನಿದ್ದೆ. ಏನಂತೀರಿ ಬಸವರಾಜಪ್ನೋರೇ?" ಎಂದ.

ಬಸವರಾಜಪ್ಪ ಹೆಂಡತಿಯನ್ನು ನೋಡಿದರು, ನೆಮ್ಮದಿಯಾಗಿ ಮೇಯುತ್ತಿದ್ದ ಎತ್ತುಗಳನ್ನು ನೋಡಿದರು. ನಗು ತಡೆಯಲಾಗಲಿಲ್ಲ. "ಹೋಗ್ಲಿ, ದೀಪದ ಮಾತು ಬುಡು. ಗಾಲಿ ನಾನೇ ಹಾಕಿಸ್ತೀನಿ. ಆದ್ರೆ ಎಚ್ಚರವಾಗಿರೋ ಖರ್ಚು ನಿಂದೇ ಕಣ್ಲಾ ಈರಣ್ಣ!"

ಈರಣ್ಣ ಕೈ ಮುಗಿದ. ಎಚ್ಚರವಾಗಿಯೇ ಹಗ್ಗ ಹಿಡಿದು ಗಾಡಿಯನ್ನು ಮನೆಯ ಕಡೆ ತಿರುಗಿಸಿದ.