ಮೂರು ಎಣಿಕೆ ಕಡಿಮೆ

ರಾಜೀವ ಮೂರನೇ ಸಲ ತಬಲಾ ನಿಲ್ಲಿಸಿದ.

"ಇಲ್ಲೇ ಮೇಡಂ. ಎಂಟು ಎಣಿಕೆ ಬರ್ಬೇಕಾದ ಕಡೆ ಐದೇ ಬರ್ತಿದೆ. ನಾನಿನ್ನೂ ಇಲ್ಲೇ ಇರ್ತೀನಿ, ನೀವಾಗ್ಲೇ ಮುಂದಿನ ಸಾಲಿಗೆ ಹೋಗಿರ್ತೀರಿ."

ತನುಜಾ ಇನ್ನೊಮ್ಮೆ ಹಾಡಿದಳು. ಅವಳ ಕಿವಿಗೆ ಎಲ್ಲೂ ತಪ್ಪು ಸಿಗಲಿಲ್ಲ. ಮೂಡಿಗೆರೆಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಮಾಡುವವಳು. ಊರಿನ ಮಕ್ಕಳಿಗೆಲ್ಲ ಮಾತ್ರೆ ಎಣಿಸುವುದನ್ನು ಕಲಿಸಿದವಳು ತನ್ನ ಹಾಡಿನ ಮಾತ್ರೆಯನ್ನು ಮಾತ್ರ ಎಣಿಸಿ ನೋಡಿರಲಿಲ್ಲ. ರಾಜೀವ ಅವಳ ನೋಟ್‌ಬುಕ್ಕಿನಿಂದ ಇನ್ನೂ ನಾಲ್ಕು ಹಾಡು ಹೇಳಿಸಿದ. ನಾಲ್ಕರಲ್ಲೂ ಎರಡನೇ ಸಾಲು ಮುಗಿಯುವ ಮೊದಲೇ ಅದೇ ಜಿಗಿತ. ಮನೆಯಲ್ಲಿ ಗಂಡ ಚನ್ನಬಸವ ಇವಳ ಹಾಡಿಗೆ ಮೇಜಿನ ಮೇಲೆ ತಾಳ ಹಾಕುತ್ತಾ ಅದೇ ಜಾಗದಲ್ಲಿ ಕೈ ತಪ್ಪಿ, ಏನೋ ಹೋಯ್ತಲ್ಲ ಎಂದು ನಗುತ್ತಿದ್ದದ್ದು ಅವಳಿಗೆ ಆಗ ನೆನಪಾಯಿತು. ತಾಳಜ್ಞಾನವಿಲ್ಲದ ಮನುಷ್ಯ ಎಂದು ಇಷ್ಟು ವರ್ಷ ಆ ಪಾಪದವರನ್ನೇ ಬೈದಿದ್ದಳು.

ಚಿಕ್ಕಮಗಳೂರಿನ ಆ ಪುಟ್ಟ ಸ್ಟುಡಿಯೋದಲ್ಲಿ ಜಿಲ್ಲೆಯ ಹತ್ತು ಜನ ಬರೆದ ಹತ್ತು ಹಾಡುಗಳ ರೆಕಾರ್ಡಿಂಗ್ ನಡೆದಿತ್ತು, ಉಸ್ತುವಾರಿ ರಾಜೀವನದು. ಹಾಡುವ ಹುಡುಗಿ ಭವ್ಯಾ ನಾಳೆ ಬೆಳಿಗ್ಗೆ ಬರುತ್ತಾಳೆ. ಅಷ್ಟರೊಳಗೆ ಆ ಮೂರು ಎಣಿಕೆಗೆ ಒಂದು ಪದ ತುಂಬಿಸಿ ಕಳಿಸಬೇಕು, ಇಲ್ಲದಿದ್ದರೆ ಕಾದಿರುವ ಇನ್ನೊಬ್ಬರ ಹಾಡು ತೆಗೆದುಕೊಳ್ಳಬೇಕಾಗುತ್ತದೆ ಎಂದು ರಾಜೀವ ಮರ್ಯಾದೆಯಿಂದಲೇ ಹೇಳಿದ. ಅವಳು ಹಾಡಿದ್ದನ್ನು ಅವಳ ಮೊಬೈಲಿಗೂ ಕಳಿಸಿದ. ನಲವತ್ತೇಳನೇ ವಯಸ್ಸಿಗೆ ಮೊದಲ ಸಲ ಅವಳ ಹಾಡೊಂದು ನೋಟ್‌ಬುಕ್ಕಿನಿಂದ ಆಚೆ ಬರುವುದರಲ್ಲಿತ್ತು. ಆಯಿತೆಂದು ಒಪ್ಪಿ ಬಸ್ಸು ಹತ್ತಿದಳು.

ಕಿಟಕಿಗೆ ತಲೆಯಾನಿಸಿ 'ಮೆಲ್ಲನೆ' ಹಾಕಿ ನೋಡಿದಳು. 'ಸುಮ್ಮನೆ' ಹಾಕಿ ನೋಡಿದಳು. ಎರಡೂ ಕರೆಯದೆ ಬಂದು ಪಂಕ್ತಿಯಲ್ಲಿ ಕೂತ ನೆಂಟರ ಹಾಗೆ ಮುಜುಗರ ತಂದವು. ಬಸ್ಸು ವಸ್ತಾರೆ ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ ಯಾರೋ ಮೊಬೈಲಿನಲ್ಲಿ ಹಳೆಯದೊಂದು ಭಾವಗೀತೆ ಹಾಕಿದರು. ಮೊದಲ ಸ್ವರಕ್ಕೇ ತನುಜಾ ತಲೆಯೆತ್ತಿ ನೆಟ್ಟಗೆ ಕೂತಳು. ಮದುವೆಯಾದ ಮೇಲೆ ಅವಳು ಈ ಹಾಡನ್ನು ಒಮ್ಮೆಯೂ ಹಾಕಿಕೊಂಡಿರಲಿಲ್ಲ, ಬೇಕೆಂದೇ. ಎರಡನೇ ಸಾಲು ಬಂತು, ಅವಳ ಮೈ ಜಿಗಿಯಲು ತಯಾರಾಯಿತು. ಹಾಡು ಜಿಗಿಯಲಿಲ್ಲ. ಹೊಸಿಲು, ದೀಪ ಎಂದೇನೋ ಎರಡು ಪದ ನಿಧಾನವಾಗಿ ಬಂದು ಹೋದವು. ಎರಡು ವರ್ಷ ದಿನಾ ಕೇಳಿದ ಹಾಡಿನಲ್ಲಿ ಆ ಪದಗಳಿದ್ದವೆಂಬುದೇ ಅವಳಿಗೆ ಮರೆತುಹೋಗಿತ್ತು.

ಅವುಗಳನ್ನು ಕತ್ತರಿಸಿದವಳು ಅವಳೇ.

ಪಿಯುಸಿಯ ಆ ಎರಡು ವರ್ಷ ಅವಳು ಕೆಸವಿನಗದ್ದೆಯ ತೋಟದ ಮನೆಯಿಂದ ಮೂಡಿಗೆರೆಗೆ ಬರುತ್ತಿದ್ದದ್ದು ಜಯಪ್ರಕಾಶನ ಜೀಪಿನಲ್ಲಿ. ತೋಟದ ಆಳು ಗುರುವಯ್ಯನ ಮಗ, ಆಗಷ್ಟೇ ಲೈಸೆನ್ಸ್ ಮಾಡಿಸಿದ್ದ. ಅವನ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್ಟು. ಒಂದು ದಿನ ಏರಿನಲ್ಲಿ ಟೇಪು ರೀಲನ್ನು ನುಂಗಿತು. ಎಸೆಯಲು ಹೊರಟವನ ಕೈಯಿಂದ ಅವಳು ಇಸಿದುಕೊಂಡಳು, ಮುದುಡಿದ ತುಂಡನ್ನು ಮನೆಯಲ್ಲಿ ಕತ್ತರಿಸಿ, ಎರಡು ತುದಿಗಳನ್ನು ನೈಲ್‌ಪಾಲಿಷಿನಿಂದ ಅಂಟಿಸಿ ಮಾರನೇ ದಿನ ತಂದುಕೊಟ್ಟಳು. ಅಂದಿನಿಂದ ಈ ಹಾಡು ಅಲ್ಲಿ ಜಿಗಿಯುತ್ತಿತ್ತು. ಹಿಂದೆ ಮೂಟೆಗಳ ಮೇಲೆ ಕೂತ ಆಳುಗಳೂ ಅದರ ಜೊತೆಗೇ ಜಿಗಿದು ಹಾಡಲು ಕಲಿತರು. "ರಸ್ತೇಲಿರೋದು ಸಾಲ್ದು ಅಂತ ಹಾಡಲ್ಲೂ ಗುಂಡಿ ಮಾಡಿಟ್ರಲ್ಲ ಮಾರಾಯ," ಎಂದು ತೋಟದ ಲೆಕ್ಕ ಬರೆಯುವ ರೈಟರ್ ಮಂಜಯ್ಯ ನಗಾಡುತ್ತಿದ್ದರು. ಜಯಪ್ರಕಾಶ ಬೇರೆ ಕ್ಯಾಸೆಟ್ಟು ತರಲೇ ಇಲ್ಲ.

ಇಬ್ಬರೂ ಆಡಬೇಕಾದ ಒಂದು ಮಾತನ್ನೂ ಆಡಿಕೊಳ್ಳಲಿಲ್ಲ. ಜೀಪಿನಲ್ಲಿ ಎಲ್ಲರೂ ಅವನನ್ನು ಜಯಣ್ಣ ಎನ್ನುತ್ತಿದ್ದರು. ಅಣ್ಣ ಎನ್ನಲು ತನುಜಾಳ ನಾಲಿಗೆ ಏಳುತ್ತಿರಲಿಲ್ಲ, ಬರೀ ಹೆಸರು ಹಿಡಿಯಲು ಧೈರ್ಯವಿರಲಿಲ್ಲ, ಹಾಗಾಗಿ ಎರಡು ವರ್ಷವೂ ಏನೂ ಕರೆಯದೆ ಕಳೆದಳು. ಮೂಡಿಗೆರೆಯಲ್ಲಿ ಅಂಗಡಿ ಇಟ್ಟಿದ್ದ ಅಪ್ಪ ಸೋಮಶೇಖರಪ್ಪ ಪೇಟೆಯ ಒಳ್ಳೆಯ ಕಡೆಯೇ ಸಂಬಂಧ ನೋಡಿದರು. ಮದುವೆಯ ಅಡಿಗೆ ಪಾತ್ರೆಗಳನ್ನು ತಂದಿಳಿಸಿದ್ದು ಅದೇ ಜೀಪು. ಅವಳಿಗೆ ಸುಖವಿಲ್ಲವೆಂದಲ್ಲ. ಚನ್ನಬಸವ ಒಳ್ಳೆಯವರು. ಆದರೂ ಮದುವೆಯ ಮಾರನೇ ವರ್ಷದಿಂದ ಅವಳು ಹಾಡು ಬರೆಯಲು ಶುರುಮಾಡಿದ್ದಳು.

ಮೂಡಿಗೆರೆಯಲ್ಲಿ ಇಳಿದವಳು ಮನೆಯ ದಾರಿ ಹಿಡಿಯಲಿಲ್ಲ, ಜೀಪುಗಳು ನಿಲ್ಲುವ ಕಡೆಗೆ ಹೋದಳು. ಜಯಪ್ರಕಾಶ ಗಾಜು ಒರೆಸುತ್ತಿದ್ದ. ತಲೆ ಅರ್ಧ ನೆರೆತಿತ್ತು. ಪೇಟೆಯಲ್ಲಿ ಎದುರಾದಾಗ ಒಂದು ನಮಸ್ಕಾರ, ಒಂದು ನಗು, ಇಷ್ಟರಲ್ಲೇ ಮೂವತ್ತು ವರ್ಷ ಮುಗಿದಿತ್ತು.

"ಕೆಸವಿನಗದ್ದೆಗಾ ತನುಜಮ್ಮ, ಅಣ್ಣನ ಮನೆಗೆ? ಜನ ಇಲ್ಲ ಇವತ್ತು. ಮುಂದೇನೇ ಕೂತ್ಕೊಳ್ಳಿ."

ಜೀಪು ಅದೇ, ಬಣ್ಣ ಬೇರೆ. ಟೇಪು ಇದ್ದ ಜಾಗದಲ್ಲಿ ಖಾಲಿ ಗೂಡು, ಅದರೊಳಗೆ ಮಡಿಸಿಟ್ಟ ಕಾಗದಗಳು. ಅವನ ಮಗಳ ಓದು, ತನ್ನ ಅಣ್ಣ ಪ್ರಸನ್ನಕುಮಾರನ ತೋಟದಲ್ಲಿ ಕಾಫಿ ಅರಳಿಸುವ ಹೂಮಳೆ, ಎಲ್ಲ ವಿಚಾರಿಸಿ ಆಯಿತು. ಏರು ಶುರುವಾದಾಗ ತನುಜಾ, ಒಂದು ಹಾಡು ಕೇಳಿಸಲೇ ಎಂದಳು. ಯಾರು ಬರೆದದ್ದೆಂದು ಹೇಳಲಿಲ್ಲ. ಮೊಬೈಲನ್ನು ಆ ಖಾಲಿ ಗೂಡಿನಲ್ಲೇ ಇಟ್ಟಳು.

ಜಯಪ್ರಕಾಶ ಸ್ಟೇರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದ. ಹಿಂದೆಯೂ ಹಾಗೇ ಹಾಕುತ್ತಿದ್ದ. ತನುಜಾ ಕಿಟಕಿಯ ಆಚೆ ನೋಡುತ್ತಾ ಬರೀ ಆ ಬೆರಳಿನ ಸದ್ದು ಕೇಳುತ್ತಿದ್ದಳು. ರಾಜೀವನ ಕೈ ತಪ್ಪಿದ ಜಾಗ ಬಂತು, ಚನ್ನಬಸವನ ಕೈ ತಪ್ಪುವ ಜಾಗ ಬಂತು. ಬೆರಳು ಮೂರು ಎಣಿಕೆಯನ್ನು ದಾಟಿ ಮುಂದಿನ ಸಾಲಿನ ಮೊದಲ ಅಕ್ಷರದ ಮೇಲೆ ಸರಿಯಾಗಿ ಬಿತ್ತು.

ಹಾಡು ಮುಗಿಯುವವರೆಗೂ ಅವಳು ಈಚೆ ತಿರುಗಲಿಲ್ಲ. ಆಮೇಲೆ ಕೇಳಿದಳು.

"ಎಲ್ಲಾದ್ರೂ ತಪ್ಪಿದೆ ಅನ್ನಿಸ್ತಾ?"

"ತಪ್ಪಾ? ಎಲ್ಲಿ?" ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಂಗೇನೂ ಗೊತ್ತಾಗ್ಲಿಲ್ಲ. ಯಾವ್ದೋ ನಮ್ಮ ಕಡೇದೇ ಹಾಡಿನ ಹಾಗಿದೆ. ಇನ್ನೊಂದ್ಸಲ ಹಾಕಿ."

ಪದ ಸಿಕ್ಕಿತೇ ಎಂದು ರಾಜೀವನ ಮೆಸೇಜು ಬಂದಿತ್ತು. ಹಾಗೇ ಇರಲಿ, ಬೇಡವಾದರೆ ಬಿಟ್ಟುಬಿಡಿ ಎಂದು ಬರೆದು ಕಳಿಸಿದಳು. ಹಾಡನ್ನು ಮತ್ತೆ ಮೊದಲಿನಿಂದ ಹಾಕಿ ಮೊಬೈಲನ್ನು ಗೂಡಿನಲ್ಲಿಟ್ಟಳು. ಕೆಸವಿನಗದ್ದೆಯ ಗೇಟು ಕಾಣಿಸಿತು. ಜಯಪ್ರಕಾಶ ಗೇರು ಇಳಿಸಿ ಜೀಪನ್ನು ನಿಧಾನ ಮಾಡಿದ, ಮೊದಲೆಲ್ಲ ಹಾಡು ಮುಗಿಯದಿದ್ದಾಗ ಮಾಡುತ್ತಿದ್ದಂತೆ.